ಹಿಂದಿನ ಸೀಟಿನ ಬೆಲೆ

ಲಕ್ಷ್ಮೀಕಾಂತ ಹಿಂದಿನ ಬಾಗಿಲು ತೆಗೆದವನೇ ಮೊದಲು ಮೂಸಿ ನೋಡಿದ. ಎಂಜಿನ್ನು ನೋಡಲಿಲ್ಲ, ಟಾಯರು ನೋಡಲಿಲ್ಲ, ಕಾಗದಪತ್ರ ಕೇಳಲಿಲ್ಲ. ಜಹೀರಾಬಾದಿನ ಹೆದ್ದಾರಿಯ ಬದಿಗೆ ಹಳೆಯ ಗಾಡಿಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಹದಿನೈದು ವರ್ಷದಿಂದ ಮಾರುತ್ತ ಬಂದಿದ್ದ ಆ ಮನುಷ್ಯ ಸೊಂಟ ಬಗ್ಗಿಸಿ, ತಲೆ ಒಳಗೆ ತೂರಿಸಿ, ಸೀಟಿನ ಬೆನ್ನಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಎರಡು ಸಲ ಉಸಿರೆಳೆದುಕೊಂಡ. ಅವನ ಅಂಗಿ ಮೇಲೇರಿ ಬೆವರಿದ ಸೊಂಟ ಕಾಣುತ್ತಿತ್ತು. ಅದನ್ನು ನೋಡುತ್ತ ಹಿಂದೆ ನಿಂತಿದ್ದ ವೈಜಿನಾಥನಿಗೆ ತನ್ನ ಮೈಯನ್ನೇ ಯಾರೋ ಮೂಸಿದಂತಾಯಿತು; ಎರಡೂ ತೋಳುಗಳನ್ನು ಪಕ್ಕೆಗೆ ಒತ್ತಿ ಹಿಡಿದ. ಆ ಸೀಟನ್ನು ಮೂರು ದಿನ ತೊಳೆದಿದ್ದ ಅವನು. ಹೆಂಡತಿ ಶಿವಕಾಂತಾ ಬಕೀಟಿನಲ್ಲಿ ಬಿಸಿನೀರು ತಂದು ಇಡುತ್ತಿದ್ದಳು, ತಾನು ಮಂಡಿಯೂರಿ ಬ್ರಶ್ಶಿನಿಂದ ಉಜ್ಜುತ್ತಿದ್ದ. ಹೊಲಿಗೆಯ ಸಂದಿಯಿಂದ ಬೂದು ಬಣ್ಣದ ನೀರು ಇಳಿದು ಬಂದಾಗ ಅದು ರಸ್ತೆಯ ಧೂಳಲ್ಲ, ವಿಭೂತಿ ಎಂದು ಹೊಳೆದು ಕೈ ನಿಂತಿತ್ತು. ಶಿವಕಾಂತಾ ಅದನ್ನು ಗಮನಿಸಲಿಲ್ಲ. ಉಜ್ಜರಿ, ನಿಂತ್ರ ಕಲೆ ಉಳೀತದ ಎಂದಳು. ಅವನು ಉಜ್ಜಿದ. ನೀರು ಅಂಗಳದ ಮೋರಿಗೆ ಹರಿದುಹೋಯಿತು. ಈಗ ಶ್ಯಾಂಪೂವಿನ ನಿಂಬೆಯ ವಾಸನೆಯೂ, ಮುಂದೆ ಅಂಟಿಸಿದ್ದ ಸೆಂಟಿನ ಡಬ್ಬಿಯ ಮಲ್ಲಿಗೆಯ ವಾಸನೆಯೂ ಸೇರಿ, ಹಬ್ಬದ ಮರುದಿನದ ಬಾಡಿದ ಹೂವಿನ ಬುಟ್ಟಿಯ ಹಾಗೆ ಗಾಡಿ ನಾರುತ್ತಿತ್ತು.

ಲಕ್ಷ್ಮೀಕಾಂತ ತಲೆ ಹೊರಗೆ ತೆಗೆದು, ಬಾಯಲ್ಲಿದ್ದ ಗುಟಕಾವನ್ನು ಪಕ್ಕಕ್ಕೆ ಉಗಿದು, ಹೆಬ್ಬೆರಳಿನಿಂದ ತುಟಿ ಒರೆಸಿಕೊಂಡ. ಅದೇ ಹೆಬ್ಬೆರಳನ್ನು ಸೀಟಿನ ಬಟ್ಟೆಯ ಮೇಲೆ ಒತ್ತಿ ಎಳೆದ.

“ಶ್ಯಾಂಪೂ ಭಾಳ ಹಾಕೀರಿ, ಅಣ್ಣಾ. ಮುಂದಿನ ಸೀಟಿಗಿ ಇಲ್ಲ, ಹಿಂದಿಂದಕ್ಕ ಅಷ್ಟೇ ಹಾಕೀರಿ. ಪೇಷಂಟ್ ಒಯ್ದೀರೋ, ಅದಕ್ಕೂ ಮುಂದಿಂದು ಒಯ್ದೀರೋ?”

ಮಕ್ಕಳು ವಾಂತಿ ಮಾಡಿದ್ದರು ಎಂದು ವೈಜಿನಾಥ ಹೇಳಿದ. ಅವನ ಮಕ್ಕಳು ವಾಂತಿ ಮಾಡುವ ವಯಸ್ಸು ದಾಟಿ ಬಹಳ ದಿನಗಳಾಗಿದ್ದವು. ಲಕ್ಷ್ಮೀಕಾಂತ ನಗಲಿಲ್ಲ, ಸುಳ್ಳೆನ್ನಲೂ ಇಲ್ಲ. ಇಂಥ ಉತ್ತರಕ್ಕೆ ಇಷ್ಟು ಬೆಲೆ ಎಂದು ಅವನ ತಲೆಯೊಳಗೆ ಒಂದು ಪಟ್ಟಿ ಇದ್ದಂತೆ, ಒಂದು ಗಳಿಗೆ ಕಣ್ಣು ಮುಚ್ಚಿ, ಎರಡು ಮೂವತ್ತು ಎಂದ. ಎರಡು ಲಕ್ಷ ಮೂವತ್ತು ಸಾವಿರ. ಡೀಸೆಲ್ ಗಾಡಿ, ಒಂದು ಲಕ್ಷ ಮೂವತ್ತೆರಡು ಸಾವಿರ ಕಿಲೋಮೀಟರ್ ಓಡಿದೆ, ಸ್ವಂತ ಬಳಕೆಯ ಬಿಳಿ ಬೋರ್ಡಿದ್ದರೂ ಬಾಡಿಗೆಗೆ ಓಡಿದ್ದೆಂದು ಕ್ಲಚ್ಚೇ ಹೇಳುತ್ತದೆ. ಇನ್ನು ಹಿಂದಿನ ಸೀಟಿನ ಮಾತು ತಾನು ಎತ್ತುವುದಿಲ್ಲ, ಆದರೆ ಊರು ಎತ್ತುತ್ತದೆ, ಹೆಣ ಕುಂತ ಗಾಡಿ ಅಂದರೆ ಮಂದಿ ಬಸುರಿ ಹೆಣ್ಣುಮಕ್ಕಳನ್ನು ಹತ್ತಿಸುವುದಿಲ್ಲ ಎಂದು, ಹವಾಮಾನ ಹೇಳುವವನ ಧ್ವನಿಯಲ್ಲಿ ಹೇಳಿದ. ಬೇಕಾದರೆ ಮೀಟರನ್ನು ಎಪ್ಪತ್ತು ಸಾವಿರಕ್ಕೆ ತಿರುಗಿಸಿ ಕೊಡುವ ಒಬ್ಬನಿದ್ದಾನೆ, ಆಗ ಎರಡು ಎಪ್ಪತ್ತಕ್ಕೆ ಹೋದೀತು ಎಂದೂ ಸೇರಿಸಿದ. ಬೇಡ ಎನ್ನುವುದಕ್ಕೆ ವೈಜಿನಾಥನಿಗೆ ತಡವಾಯಿತು. ಆ ತಡವಾದದ್ದು ಲಕ್ಷ್ಮೀಕಾಂತನಿಗೂ ತಿಳಿಯಿತು. ಓಡಿದ ಕಿಲೋಮೀಟರುಗಳು ಹಿಂದಕ್ಕೆ ಉರುಳುವುದಾದರೆ ಯಾವ ಅಂಕಿಯ ಹತ್ತಿರ ನಿಲ್ಲಿಸಬೇಕೆಂದು ವೈಜಿನಾಥ ಯೋಚಿಸುತ್ತಿದ್ದ. ಲಕ್ಷ್ಮೀಕಾಂತ ಅದನ್ನು ದುರಾಸೆ ಎಂದು ತಿಳಿದುಕೊಂಡು ಅವನ ಹೆಗಲ ಮೇಲೆ ಕೈ ಹಾಕಿದ. ಆ ಕೈಯನ್ನು ಹೆಗಲಿನಿಂದ ತೆಗೆಯದೆ, ಯೋಚನೆ ಮಾಡ್ತೀನ್ರಿ ಎಂದು ಹೇಳಿ ವೈಜಿನಾಥ ಹೊರಟ.

ಕೊಹೀರ್ ಕ್ರಾಸಿನಲ್ಲಿ ಹೆದ್ದಾರಿ ಬಿಟ್ಟು ತಾಂಡೂರಿನ ದಿಕ್ಕಿಗೆ ತಿರುಗುವಾಗ ಶಿವಕಾಂತಾಳ ಫೋನು ಬಂತು. ಎಷ್ಟು ಹೇಳಿದ ಎಂದು ಕೇಳಿದಳು. ಎರಡು ಮೂವತ್ತು ಎಂದ. ಅವಳು, ತಾಂಡೂರಿನವರು ಕೊಡ್ತಾರ, ನೀವು ಬಾಯಿ ಬಿಡ್ರಿ, ನಿಮ್ದು ಬಾಯಿನೇ ಏಳಲ್ಲ ಎಂದಳು. ಅದು ಅವನ ಮೇಲಿನ ಹಳೆಯ ದೂರು. ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ ಇಪ್ಪತ್ತು ವರ್ಷ ಬಿಲ್ಲು ಬರೆದರೂ ಸಂಬಳ ಹೆಚ್ಚಿಸಿ ಎಂದು ಕೇಳದ ಬಾಯಿ. ಆ ಅಂಗಡಿ ದೀಪಾವಳಿಗೆ ಮುಚ್ಚಿದಾಗಿನಿಂದ ಶಿವಕಾಂತಾಳೇ ದಾರಿ ಹುಡುಕಿದ್ದಳು. ಬಿಡುವಿನ ದಿನಗಳಲ್ಲಿ ಪರಿಚಯದವರಿಗೆ ಕದ್ದು ಬಾಡಿಗೆ ಓಡಿಸಿದ್ದು ಸಾಕು. ಪೊಲೀಸರು ಹಿಡಿದಾಗಲೆಲ್ಲ ಇವರು ನಮ್ಮ ಸಂಬಂಧಿಕರು ಎಂದು ಕೈ ಮುಗಿದದ್ದು ಸಾಕು. ಇದನ್ನು ಮಾರಿ ಮೂರು ಲಕ್ಷ ಕಟ್ಟಿದರೆ ಏಳು ಸೀಟಿನ ಹೊಸ ಗಾಡಿ ಬರುತ್ತದೆ, ಹಳದಿ ಬೋರ್ಡಿನದು, ಕಣ್ಣು ತಪ್ಪಿಸದೆ ದುಡಿಯಬಹುದು. ಕಣ್ಣು ತಪ್ಪಿಸದೆ ಎಂಬ ಮಾತನ್ನು ಅವಳು ಪೊಲೀಸರ ಬಗ್ಗೆಯೇ ಆಡಿದ್ದಳು. ಮೂರು ಲಕ್ಷವನ್ನು ಈ ಶುಕ್ರವಾರ ಕಟ್ಟಬೇಕಿತ್ತು, ಇಲ್ಲದಿದ್ದರೆ ಬುಕಿಂಗ್ ಮುರಿಯುತ್ತಿತ್ತು. ತಾಂಡೂರಿನ ಆನಂದಕುಮಾರ ತಾನಾಗಿ ಫೋನು ಮಾಡಿ ಗಾಡಿ ಯಾರಿಗೂ ಕೊಡಬೇಡಿ, ಅದು ನನಗೆ ಬೇಕು ಎಂದಾಗ ಶಿವಕಾಂತಾ ದೇವರ ಜಗಲಿಗೆ ಹೋಗಿ ವಿಭೂತಿ ಹಚ್ಚಿಕೊಂಡು ಬಂದಿದ್ದಳು. ಯಾವ ಗಾಡಿ, ಯಾಕೆ ಬೇಕು ಎಂದು ಅವಳಿಗೆ ಗೊತ್ತಿತ್ತು, ಅಂದರೆ ಊರಿಗೆಲ್ಲ ಗೊತ್ತಿದ್ದಷ್ಟು ಗೊತ್ತಿತ್ತು.

ರಸ್ತೆಯ ಎರಡೂ ಬದಿಗೆ ಕೆಂಪು ಮಣ್ಣು ಮುಗಿದು ಕಪ್ಪು ಮಣ್ಣು ಶುರುವಾಗಿತ್ತು. ಎಂಟು ತಿಂಗಳ ಹಿಂದೆ ಅವನು ಹೈದರಾಬಾದಿಗೆ ಯಾರನ್ನೋ ಬಿಟ್ಟು ಖಾಲಿ ಗಾಡಿಯಲ್ಲಿ ಹೊರಡುತ್ತಿದ್ದಾಗ ಆನಂದಕುಮಾರನ ಫೋನು ಬಂದಿತ್ತು. ಆಸ್ಪತ್ರೆಯವರು ಇನ್ನು ಪ್ರಯೋಜನವಿಲ್ಲ, ಮನೆಗೆ ಒಯ್ಯಿರಿ ಎಂದಿದ್ದಾರೆ, ಅವ್ವನನ್ನು ನಮ್ಮೂರು ನಾರಾಯಣಖೇಡಿಗೆ ಮುಟ್ಟಿಸಬೇಕು. ವೈಜಿನಾಥ ಒಂದೂವರೆ ಪಟ್ಟು ಬಾಡಿಗೆ ಹೇಳಿದ, ಅವರು ಒಪ್ಪಿದರು. ಒಪ್ಪಿದ ಕೂಡಲೇ ಎರಡು ಪಟ್ಟು ಕೇಳಬೇಕಿತ್ತು ಎಂದು ಅನಿಸಿದ್ದು ಈಗಲೂ ನೆನಪಿತ್ತು, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ. ಆನಂದಕುಮಾರನ ತಾಯಿ ಗುರುಲಿಂಗಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಒಣಗಿದ ಕಟ್ಟಿಗೆಯಷ್ಟು ಹಗುರವಿದ್ದ ಮುದುಕಿ. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಕೆಯ ನಾದಿನಿ ಶಕುಂತಲಾಬಾಯಿ ಕೂತಳು. ಮುಂದೆ ಆನಂದಕುಮಾರ. ಜೋಗಿಪೇಟೆ ದಾಟುತ್ತಲೂ ಶಕುಂತಲಾಬಾಯಿ ಮುದುಕಿಯ ಮೂಗಿನ ಹತ್ತಿರ ಸೆರಗಿನ ಎಳೆಯೊಂದನ್ನು ಹಿಡಿದು ನೋಡಿ, ಆತು ಎಂದಳು. ಅಷ್ಟೇ ಅಂದಳು. ಲಿಂಗವಂತರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕಾಲು ಮಡಿಸಿ ಕೂರಿಸಿ, ಎಡ ಅಂಗೈಯಲ್ಲಿ ಕೊರಳ ಲಿಂಗವನ್ನಿಟ್ಟು, ಕೂತಂತೆಯೇ ಮಣ್ಣಿಗೆ ಇಳಿಸುವುದು. ನಾರಾಯಣಖೇಡ ಮುಟ್ಟುವಷ್ಟರಲ್ಲಿ ಮೈ ಸೆಟೆದುಕೊಂಡರೆ ಆಮೇಲೆ ಕೂರಿಸಲು ಕೀಲು ಮುರಿಯಬೇಕಾಗುತ್ತದೆ ಎಂದು ಆಕೆ ಅವಸರ ಮಾಡಿದಳು. ಹುಣಸೆಮರದ ಕೆಳಗೆ ಗಾಡಿ ನಿಲ್ಲಿಸಿ, ಮೂವರೂ ಸೇರಿ ಕೂರಿಸಿದರು. ಸೀಟಿನ ಬೆನ್ನಿಗೆ ಶಾಲಿನಿಂದ ಕಟ್ಟಿದರು. ಹಣೆಗೆ, ತೋಳಿಗೆ, ಎದೆಗೆ ವಿಭೂತಿ ಹಚ್ಚಿದರು. ಅಂಗೈಯಲ್ಲಿ ಲಿಂಗ ಇಟ್ಟರು, ಬೆರಳುಗಳು ತೆರೆದೇ ಇದ್ದವು. ಶಕುಂತಲಾಬಾಯಿ ಏಸಿ ಜೋರು ಮಾಡು ತಮ್ಮಾ ಎಂದಳು, ಅವನು ಜೋರು ಮಾಡಿದ. ಆನಂದಕುಮಾರ ಅಳುತ್ತಲೇ ಫೋನಿನ ಮೇಲೆ ಫೋನು ಮಾಡಿದ: ಕುಣಿ ತೋಡಿಸಲು ಹೇಳಿದ, ಹೂವಿಗೆ ಹೇಳಿದ, ಮಠಕ್ಕೆ ಹೇಳಿದ, ಬೀದರಿನ ಅಕ್ಕಂದಿರಿಗೆ ಹೇಳಿದ.

ಶಂಕರಂಪೇಟೆಯ ತಿರುವಿನಲ್ಲಿ ಪೊಲೀಸರು ಕೈ ಅಡ್ಡ ಮಾಡಿದರು. ಬಿಳಿ ಬೋರ್ಡು, ಹಿಂದೆ ಕಟ್ಟಿ ಕೂರಿಸಿದ ಮುದುಕಿ. ಯಾರು ಎಂದು ತೆಲುಗಿನಲ್ಲಿ ಕೇಳಿದಾಗ ಅಳುತ್ತಿದ್ದ ಮಗನಿಗಿಂತ ಮೊದಲು ವೈಜಿನಾಥನೇ, ನಮ್ಮವ್ವ, ಆರಾಮಿಲ್ಲ, ಕುಂತಲ್ಲೇ ಮಲಗ್ಯಾಳ ಎಂದುಬಿಟ್ಟ. ದಂಡ ತಪ್ಪಿತು. ಗಾಡಿ ಎರಡು ಗೇರು ಏರಿದ ಮೇಲೆ ಕನ್ನಡಿಯಲ್ಲಿ ನೋಡಿದ. ಶಕುಂತಲಾಬಾಯಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಮುದುಕಿಯ ಎಡಗೈ ತೊಡೆಯ ಮೇಲಿತ್ತು. ಕಿರುಬೆರಳು ಮೊದಲು ಬಾಗಿತು. ಆಮೇಲೆ ಅದರ ಪಕ್ಕದ್ದು. ಹಸುಗೂಸು ತನ್ನ ಕೈಗೆ ಸಿಕ್ಕಿದ್ದನ್ನು ಹಿಡಿಯುವ ಹಾಗೆ, ಅವಸರವಿಲ್ಲದೆ, ಒಂದರ ಹಿಂದೊಂದು ಬೆರಳು ಲಿಂಗದ ಸುತ್ತ ಮುಚ್ಚಿದವು. ಕತ್ತಿನ ಹಳ್ಳದಲ್ಲಿ ಏನೋ ಒಂದು ಸಲ ಮೇಲಕ್ಕೆ ಬಂದು ಕೆಳಗಿಳಿಯಿತು. ಆರು ಗಂಟೆಗೆ ಜಹೀರಾಬಾದಿನಲ್ಲಿ ಮದುವೆಯವರು ಗಾಡಿಗೆ ಕಾಯುತ್ತಿದ್ದರು. ಹಿಂದಕ್ಕೆ ತಿರುಗಿದರೆ ಸಂಗಾರೆಡ್ಡಿ, ಅಲ್ಲಿ ಆಸ್ಪತ್ರೆ, ಚೀಟಿ, ಕಾಯುವುದು. ಮುಂದೆ ತೋಡುತ್ತಿದ್ದ ಕುಣಿ. ಅವನು ಕೈಯೆತ್ತಿ, ಕೂದಲು ಸರಿಮಾಡಿಕೊಳ್ಳುವವನಂತೆ, ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದ. ಅದರಲ್ಲಿ ಗಾಡಿಯ ಒಳಮಾಡಿನ ಬೂದು ಬಟ್ಟೆ ಮಾತ್ರ ಕಂಡಿತು. ನಾರಾಯಣಖೇಡಿನ ತನಕ ಅವನು ಆ ಬಟ್ಟೆಯನ್ನೇ ನೋಡಿದ. ಮನೆಯ ಮುಂದೆ ಇಳಿಸಿದಾಗ ಬೆರಳು ಬಿಡಿಸಲು ನಾಲ್ಕು ಜನ ನೋಡಿದರು, ಆಗಲಿಲ್ಲ. ಸ್ವಾಮಿಗಳು ಬೇಡ ಎಂದರು. ಸತ್ತ ಮೇಲೂ ಲಿಂಗ ಬಿಡಲಿಲ್ಲ ಎಂದು ಯಾರೋ ಹೆಣ್ಣುಮಗಳು ಅಂದಳು. ಆ ಮಾತು ಸಂಜೆಯೊಳಗೆ ಕಲ್ಹೇರಿಗೆ ಹೋಯಿತು, ಮರುದಿನ ಬೀದರಿಗೆ ಹೋಯಿತು. ಮೊದಲನೇ ತಿಂಗಳಿಗೆ ಆಕೆಯ ಸಮಾಧಿಯ ಗದ್ದುಗೆಯ ಮೇಲೆ ಜನ ತೆಂಗಿನಕಾಯಿ ಒಡೆಯತೊಡಗಿದರು. ಅದೇ ಸಂಜೆ ಅವನು ಮದುವೆಯವರ ಬಾಡಿಗೆಯನ್ನೂ ಮುಗಿಸಿದ್ದ.

ರಸ್ತೆಯಲ್ಲಿ ಒಂದು ಕುಳಿಯಾದರೂ ಸಿಕ್ಕಿದ್ದರೆ ಸಾಕಿತ್ತು. ಗಾಡಿ ಕುಳಿಗೆ ಬಿದ್ದು ಕೈ ಅಲುಗಿ ಬೆರಳು ಮಡಿಸಿಕೊಂಡಿದ್ದೀತು, ಸತ್ತ ಮೈಯಲ್ಲಿ ನರಗಳು ಸೆಳೆಯುತ್ತವೆಂದು ಕೇಳಿದ್ದೂ ಉಂಟು. ಅದರ ಮರುತಿಂಗಳು ಅವನು ಯಾರಿಗೂ ಹೇಳದೆ ಶಂಕರಂಪೇಟೆಯ ತನಕ ಹೋಗಿ, ಆ ತಿರುವಿನಿಂದ ಎರಡು ಮೈಲಿ ಇರುವೆಯಂತೆ ಗಾಡಿ ನಡೆಸಿ ಕುಳಿ ಹುಡುಕಿದ್ದ. ರಸ್ತೆ ಕನ್ನಡಿಯ ಹಾಗಿತ್ತು. ಡಾಂಬರು ಹಾಕಿ ಎಷ್ಟು ದಿನವಾಯಿತೆಂದು ಚಹದಂಗಡಿಯಲ್ಲಿ ಕೇಳಿದಾಗ ಎರಡು ವರ್ಷ ಎಂದಿದ್ದರು. ಚಹದ ಮೇಲೆ ಕೆನೆ ಕಟ್ಟಿ ಅದು ತುಟಿಗೆ ಅಂಟಿಕೊಂಡಿತು, ಲೋಟ ಅಲ್ಲೇ ಇಟ್ಟು ಎದ್ದಿದ್ದ. ಅಪ್ಪ ಬೆಳಗಿನ ಜಾವ ಪೂಜೆಗೆ ಕೂತು ವಚನ ಹೇಳುತ್ತಿದ್ದಾಗ ಚಾಪೆಯ ತುದಿಗೆ ಕೂತು ಕೇಳುತ್ತಿದ್ದವನು ಅವನು. ಅಣ್ಣಂದಿರಿಬ್ಬರೂ ಬಾಯಿಪಾಠ ಮಾಡಿ ಒಪ್ಪಿಸಿದರು, ಅವನಿಗೆ ಕೇಳುವುದಷ್ಟೇ ಬಂತು. ಶಬ್ದಗಳು ನಿಲ್ಲಲಿಲ್ಲ, ಅವುಗಳ ಏರಿಳಿತ ನಿಂತಿತ್ತು. ತನ್ನನ್ನು ತಾನೇ ಬೈದುಕೊಳ್ಳುತ್ತ, ನಾಯಿ ಎನ್ನುತ್ತ, ಕೊಳೆ ಎನ್ನುತ್ತ ಮಾತು ಏರಿ ಏರಿ, ಇನ್ನು ಉಸಿರಿಲ್ಲ ಎನ್ನುವಾಗ ದೇವರ ಹೆಸರು ಬಂದು ಎಲ್ಲವನ್ನೂ ತನ್ನ ಮೇಲೆ ಹಾಕಿಕೊಳ್ಳುತ್ತಿತ್ತು. ಅಪ್ಪನ ಭುಜ ಆಗ ಸಡಿಲಾಗುತ್ತಿತ್ತು. ಈ ಎಂಟು ತಿಂಗಳು ಅವನೊಳಗಿನ ಬೈಗುಳ ಏರುತ್ತಿತ್ತೇ ಹೊರತು ಆ ಹೆಸರಿನ ತನಕ ಹೋಗಿ ಮುಟ್ಟುತ್ತಿರಲಿಲ್ಲ. ಪೂಜೆಗೆ ಕೂತು ಎಡ ಅಂಗೈಯಲ್ಲಿ ತನ್ನ ಲಿಂಗ ಇಟ್ಟುಕೊಂಡರೆ ಬೆರಳುಗಳು ಬಾಗದೆ ಹಾಗೇ ನಿಲ್ಲುತ್ತಿದ್ದವು. ಶಿವಕಾಂತಾ ನೋಡಿ, ವಾಯು ಆಗಿರಬೇಕೆಂದು ಎಣ್ಣೆ ಕಾಯಿಸಿ ಕೊಟ್ಟಿದ್ದಳು.

ತಾಂಡೂರು ಬರುವ ಮೊದಲೇ ಕಲ್ಲಿನ ಧೂಳು ಬಂತು. ಬಂಡೆ ಸೀಳುವ, ಪಾಲಿಶ್ ಮಾಡುವ ಶೆಡ್ಡುಗಳು ರಸ್ತೆಯ ಬದಿಗೆ ಸಾಲಾಗಿದ್ದವು. ಯಂತ್ರದ ಕೆಳಗಿನಿಂದ ಹರಿದ ನೀರು ಹಳಸಿದ ಮೊಸರಿನಂತೆ ಗಟಾರದಲ್ಲಿ ದಪ್ಪಗೆ ನಿಂತಿತ್ತು. ಆನಂದಕುಮಾರನ ಶೆಡ್ಡು ಊರ ಹೊರಗೆ, ಅದರ ಹಿಂದೆಯೇ ಮನೆ. ಕಲ್ಲಿನ ವ್ಯಾಪಾರ ಮೊದಲಿನಂತಿಲ್ಲ, ಸುತ್ತಲಿನ ಸಿಮೆಂಟ್ ಕಾರ್ಖಾನೆಗಳಿಗೆ ತಿಂಗಳ ಬಾಡಿಗೆಗೆ ಗಾಡಿ ಬೇಕು, ಅದನ್ನೇ ಮಾಡುತ್ತೇನೆಂದು ಅವನು ಫೋನಿನಲ್ಲಿ ಹೇಳಿದ್ದ. ಎರಡು ಗಾಡಿ ಆಗಲೇ ತಂದು ನಿಲ್ಲಿಸಿದ್ದ. ಗೇಟಿನ ಒಳಗೆ, ಕಲ್ಲಿನ ಚಪ್ಪಡಿಗಳಿಗೆ ಒರಗಿಸಿ ಒಂದು ಬೋರ್ಡು ಇಟ್ಟಿತ್ತು, ಬಣ್ಣ ಇನ್ನೂ ಹಸಿಯಿತ್ತು. ಶ್ರೀ ಗುರುಲಿಂಗಮ್ಮ ಟ್ರಾವೆಲ್ಸ್ ಎಂದು ತೆಲುಗಿನಲ್ಲೂ ಕನ್ನಡದಲ್ಲೂ ಬರೆದಿತ್ತು. ನಡುವೆ ಮುದುಕಿಯ ಚಿತ್ರ. ಅಂದು ನಾರಾಯಣಖೇಡಿನ ಪಡಸಾಲೆಯಲ್ಲಿ ಹೂವು ಹಾಕಿ ಕೂರಿಸಿದ ಮೇಲೆ ತೆಗೆದ ಫೋಟೋ ನೋಡಿ ಬರೆದದ್ದು. ಆದರೆ ಪೇಂಟರಿಗೆ ಯಾರೂ ಏನೂ ಹೇಳಿರಲಿಲ್ಲ, ಮುದುಕಿ ಜಪಕ್ಕೆ ಕೂತಿದ್ದಾಳೆಂದು ತಿಳಿದು ಅವನು ಕಣ್ಣು ತೆರೆಸಿದ್ದ. ಮುಷ್ಟಿಯನ್ನು ಮಾತ್ರ ಹಾಗೇ ಬರೆದಿದ್ದ. ವೈಜಿನಾಥ ಗಾಡಿಯಿಂದ ಇಳಿದು ಬಾಗಿಲು ಹಾಕಿದವನು ಆ ಕಡೆ ಬೆನ್ನು ಮಾಡಿ ನಿಂತ. ಬೆನ್ನು ಬೆಚ್ಚಗಾಯಿತು.

ಮನೆಯೊಳಗೆ ಐದಾರು ಹೆಂಗಸರು ಕೂತಿದ್ದರು. ನಾಳೆ ಸ್ವಾಮಿಗಳು ಬಂದು ಬೋರ್ಡು ಏರಿಸುತ್ತಾರೆ, ಮೂರೂ ಗಾಡಿಗಳಿಗೆ ಪೂಜೆ, ಅದಕ್ಕೆ ನೆಂಟರು ಸೇರಿದ್ದರು. ಶಕುಂತಲಾಬಾಯಿ ಗೋಡೆಗೆ ಒರಗಿ ಕೂತು ಆ ದಿನದ ಕಥೆ ಹೇಳುತ್ತಿದ್ದಳು. ನೂರು ಸಲ ಹೇಳಿ ನುಣುಪಾದ ಕಥೆ. ಎಲ್ಲಿ ಉಸಿರು ಬಿಡಬೇಕು, ಎಲ್ಲಿ ಸೆರಗು ಕಣ್ಣಿಗೆ ಒತ್ತಬೇಕು ಎಂಬುದು ಆಕೆಗೆ ಗೊತ್ತಿತ್ತು. ಹುಣಸೆಮರ ಇತ್ತು, ಶಾಲು ಇತ್ತು, ಸೆರಗಿನ ಎಳೆ ಇರಲಿಲ್ಲ. ಅವನು ಹೊಸ್ತಿಲು ದಾಟುತ್ತಿದ್ದಂತೆ ಆಕೆ ಕೈ ಚಾಚಿ ತೋರಿಸಿದಳು.

“ನಾ ಹೇಳಿದ್ರ ನಂಬಬ್ಯಾಡ್ರಿ, ಮುದುಕಿ ಏನರ ಹೇಳ್ತಾಳ ಅಂತೀರಿ. ಈ ತಮ್ಮ ಗಾಡಿ ಹೊಡ್ದಾನ, ಇವನಿಗಿ ಕೇಳ್ರಿ. ಹೇಳಪ್ಪಾ ವೈಜಿನಾಥ, ನಮ್ಮ ವೈನಿ ಗುರುಲಿಂಗಮ್ಮ ಕೈ ಮುಚ್ಚಿದ್ದು ನೀ ನೋಡೀದಿಲ್ಲ?”

ಎಲ್ಲರೂ ಅವನ ಕಡೆ ತಿರುಗಿದರು. ಆನಂದಕುಮಾರನ ಹೆಂಡತಿ ಪ್ರೇಮಲಾ ಹುಗ್ಗಿಯ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಳು. ಶಕುಂತಲಾಬಾಯಿಯ ಮುಖದಲ್ಲಿ ಏನಿದೆ ಎಂದು ಅವನು ಹುಡುಕಿದ. ಆಕೆಗೆ ಗೊತ್ತಿದೆಯೇ, ಗೊತ್ತಿದ್ದೇ ಅವನ ಬಾಯಿ ಕಟ್ಟುತ್ತಿದ್ದಾಳೆಯೇ ಎಂದು ನೋಡಿದ. ಅಲ್ಲಿ ಒಂದು ಹಸಿದ ನಂಬಿಕೆಯ ಹೊರತು ಬೇರೇನೂ ಇರಲಿಲ್ಲ. ಅದು ಅವನಿಗೆ ಇನ್ನಷ್ಟು ಹೇಸಿಗೆ ತಂದಿತು.

“ನೋಡೀನ್ರಿ,” ಎಂದ.

ಹೆಂಗಸರು ಕೈ ಮುಗಿದರು, ಯಾರಿಗೆ ಮುಗಿದರೋ ತಿಳಿಯಲಿಲ್ಲ. ಒಬ್ಬಳು ಎದ್ದು ಹೊರಗೆ ಹೋಗಿ ಗಾಡಿಯ ಹಿಂದಿನ ಬಾಗಿಲು ತೆಗೆದು ಸೀಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಲ್ಲಿದ್ದುದೆಲ್ಲ ಮೋರಿಗೆ ಹೋಗಿ ಶ್ಯಾಂಪೂ ಉಳಿದಿದೆ ಎಂದು ಆಕೆಗೆ ಗೊತ್ತಿರಲಿಲ್ಲ. ಪ್ರೇಮಲಾ ಅವನ ತಟ್ಟೆಗೆ ಗೋದಿಯ ಹುಗ್ಗಿ ಬಡಿಸಿ, ಮೇಲೆ ತುಪ್ಪ ಸುರಿದಳು. ಹಾಲು ಹೆಚ್ಚಾಗಿ ಹುಗ್ಗಿ ಲೋಳೆಯಾಗಿತ್ತು. ಎಡಗೈ ತೊಡೆಯ ಮೇಲಿಟ್ಟುಕೊಂಡು ಅವನು ತುತ್ತೆತ್ತಿದ; ಬಾಯಲ್ಲಿ ಅದು ತಿರುಗಿತು, ಕತ್ತಿನ ಹಳ್ಳದ ತನಕ ಹೋಗಿ ನಿಂತಿತು. ಇನ್ನೊಂದೀಟು ಹಾಕ್ಲಿ? ಎಂದು ಪ್ರೇಮಲಾ ಕೇಳಿದಾಗ ಸಾಕು ಎನ್ನಲು ಬಾಯಿ ತೆರೆದರೆ ಹೊರಗೆ ಬರುತ್ತದೆಂದು ಹೆದರಿ ತಲೆಯಾಡಿಸಿದ. ಆಕೆ ಅದನ್ನು ಹೂಂ ಎಂದು ತಿಳಿದು ಇನ್ನೊಂದು ಸೌಟು ಹಾಕಿದಳು. ಅದನ್ನೂ ತಿಂದ.

ಊಟವಾದ ಮೇಲೆ ಆನಂದಕುಮಾರ ಅವನನ್ನು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದ. ಪಾಲಿಶ್ ಯಂತ್ರ ನಿಂತಿರಲಿಲ್ಲ, ಅದರ ಕೊರೆಯುವ ಸದ್ದಿನಲ್ಲಿ ಮಾತು ಹತ್ತಿರದವರಿಗೆ ಮಾತ್ರ ಕೇಳುತ್ತಿತ್ತು. ಅವನು ಎಂಜಿನ್ನು ನೋಡಲಿಲ್ಲ, ಮೀಟರೂ ನೋಡಲಿಲ್ಲ. ತಾನು ಕಲ್ಲಿನ ವ್ಯಾಪಾರದವನು, ಸೌದಾ ಮಾಡದೆ ಉಪ್ಪು ಕೂಡ ಕೊಂಡವನಲ್ಲ, ಆದರೆ ಇದೊಂದಕ್ಕೆ ಎದುರು ಮಾತಾಡುವುದಿಲ್ಲ ಎಂದ. ನೀವು ಹೇಳಿದ್ದೇ ರೇಟು. ಅವ್ವ ಕೊನೆಗೆ ಕುಂತ ಜಾಗಕ್ಕೆ ನಾನು ಬೆಲೆ ಕಟ್ಟಿದರೆ ನನ್ನ ನಾಲಿಗೆ ಸೇದಿಹೋದೀತು ಎಂದ. ಮತ್ತೆ ನಾಚಿಕೊಂಡವನಂತೆ ನಕ್ಕು, ಹೆಂಗಸರ ಕಿವಿಗೆ ಬೀಳುವುದು ಬೇಡ, ನಮ್ಮಪ್ಪ ಎತ್ತಿನ ಬಜಾರಿನಲ್ಲಿ ಮಾಡುತ್ತಿದ್ದ ಹಾಗೆ ಮಾಡೋಣ ಎಂದು ಹೆಗಲ ಮೇಲಿನ ಟವೆಲನ್ನು ಇಬ್ಬರ ಕೈಗಳ ಮೇಲೂ ಹೊದಿಸಿದ. ಮೂರು ಲಕ್ಷದ ತನಕ ನಾನೇ ಬಾಯಲ್ಲಿ ಹೇಳಿದ್ದೇನೆ ಅಂದುಕೊಳ್ಳಿ, ಅದರ ಮೇಲೆ ಬೆರಳಿಗೆ ಹತ್ತು ಸಾವಿರ, ಎಷ್ಟು ಬೆರಳು ಕೊಡುತ್ತೀರೋ ಕೊಡಿ ಎಂದ.

ಟವೆಲು ಬೆವರಿನಿಂದಲೂ ಕಲ್ಲಿನ ಹಿಟ್ಟಿನಿಂದಲೂ ಜಿಗುಟಾಗಿತ್ತು. ಅದರ ಕೆಳಗೆ ಆನಂದಕುಮಾರನ ಅಂಗೈ ತೆರೆದು ಕಾಯುತ್ತಿತ್ತು. ಮೂರು ಲಕ್ಷ ಸಾಕಿತ್ತು; ಶುಕ್ರವಾರಕ್ಕೆ ಬೇಕಾದದ್ದು ಅಷ್ಟೇ. ಒಂದೂ ಬೆರಳು ಕೊಡದೆ ಕೈ ತೆಗೆಯಬಹುದಿತ್ತು. ಲಕ್ಷ್ಮೀಕಾಂತ ಮೂಗಿನಿಂದ ಇಳಿಸಿದ ಬೆಲೆಯನ್ನು ಈ ಮನುಷ್ಯ ಕಣ್ಣೀರಿನಿಂದ ಏರಿಸುತ್ತಿದ್ದಾನೆ, ಇಬ್ಬರೂ ಬೆಲೆ ಕಟ್ಟುತ್ತಿರುವುದು ಒಂದೇ ಸೀಟಿಗೆ ಎಂದು ಅವನಿಗೆ ಅನಿಸಿತು. ಹಾಗೆ ಅನಿಸುತ್ತಿರುವಾಗಲೇ ಅವನ ಬಲಗೈಯ ಐದೂ ಬೆರಳುಗಳು ಆ ಅಂಗೈಯಲ್ಲಿ ಚಾಚಿಕೊಂಡಿದ್ದವು. ಮೂರು ಲಕ್ಷ ಐವತ್ತು ಸಾವಿರ. ಶಿವಕಾಂತಾ ನೋಡಬೇಕಿತ್ತು, ಏಳದ ಬಾಯಿಯ ಬದಲು ಕೈ ಎದ್ದಿತ್ತು. ಆನಂದಕುಮಾರ ಆತು ಎಂದ. ಟವೆಲಿನೊಳಗೆ ಆ ಐದು ಬೆರಳುಗಳನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡ. ಒಂದರ ಮೇಲೊಂದು, ಅವಸರವಿಲ್ಲದೆ, ಆ ಹಿಡಿತ ಬಿಗಿಯಾಯಿತು. ಬಿಸಿಯಿತ್ತು. ಬದುಕಿದವರ ಹಿಡಿತ ಹೀಗಿರುತ್ತದೆಂದು ಹೊಳೆದು, ಹೊಟ್ಟೆಯೊಳಗಿನ ಹುಗ್ಗಿ ಗಂಟಲಿಗೆ ಬಂತು. ಅದನ್ನು ನುಂಗಿದ, ಅದರ ಬದಲಿಗೆ ಮಾತು ಬಂತು.

“ಆನಂದಕುಮಾರ್ರ, ಅವ್ವ ಹೋಗಿರಲಿಲ್ಲ. ಶಂಕರಂಪೇಟೆ ದಾಟಿದ್ಮ್ಯಾಲ ಕೈ ಮುಚ್ಚ್ಯಾಳ. ಗಂಟಲೂ ಆಡ್ಯದ. ನಾ ಕನ್ನಡ್ಯಾಗ ನೋಡೀನಿ. ನೋಡಿ ಕನ್ನಡಿ ತಿರುವೀನಿ. ಗಾಡಿ ನಿಲ್ಸಿಲ್ಲ.”

ಯಂತ್ರ ಒಂದು ಚಪ್ಪಡಿಯ ಅಂಚು ಮುಟ್ಟಿ ಕಿರುಚಿತು. ಹಿಡಿದ ಕೈ ಹಿಡಿದಂತೆಯೇ ಇತ್ತು. ಹೊಡೆಯಲಿ ಎಂದು ವೈಜಿನಾಥ ಕಾದ. ಹೊಡೆದರೆ ಎಷ್ಟು ಚೆನ್ನಾಗಿರುತ್ತಿತ್ತು. ನೆಲಕ್ಕೆ ಬೀಳುತ್ತಿದ್ದ, ಆ ಬಿಳಿ ಕೆಸರು ಮುಖಕ್ಕೆ ಮೆತ್ತಿಕೊಳ್ಳುತ್ತಿತ್ತು, ಬಿದ್ದಲ್ಲಿಯೇ ಬಹುಶಃ ಆ ಹೆಸರು ಬಾಯಿಗೆ ಬರುತ್ತಿತ್ತು. ಆನಂದಕುಮಾರನ ಮುಖದ ಬಣ್ಣ ಹೋಗಿ ಅದು ಅಲ್ಲಿನ ಕಲ್ಲುಗಳಲ್ಲಿ ಒಂದಾಗಿತ್ತು. ಕಣ್ಣುಗಳು ವೈಜಿನಾಥನನ್ನು ದಾಟಿ, ಮನೆಯ ಬಾಗಿಲಲ್ಲಿ ನಾಳಿನ ಮಾವಿನ ತೋರಣ ಕಟ್ಟುತ್ತಿದ್ದ ಹೆಂಗಸರನ್ನು ನೋಡಿದವು, ಬೋರ್ಡನ್ನು ನೋಡಿದವು, ತಿರುಗಿ ಬಂದವು. ಕೈ ಬಿಡದೆಯೇ ಕೇಳಿದ.

“ಮತ್ತ ಯಾರಿಗಿ ಹೇಳೀರಿ?”

“ಯಾರಿಗೂ ಇಲ್ಲ.”

“ಮನಿಯಾಗ? ಹೆಂಡ್ತೀಗಿ?”

“ಇಲ್ರಿ.”

“ನಮ್ಮ ಶಕುಂತಲಾ ಅತ್ತೀಗಿ ಗೊತ್ತದ?”

ಗೊತ್ತಿಲ್ಲವೆಂದು ಕಾಣುತ್ತದೆ ಎಂದ. ಆನಂದಕುಮಾರ ತಲೆಯಾಡಿಸಿದ. ಎಡಗೈಯ ಬೆನ್ನಿನಿಂದ ಮೂಗು ಒರೆಸಿಕೊಂಡ. ಸ್ವಾಮಿಗಳು ಬರುವುದು ನಾಳೆ ಹತ್ತಕ್ಕೆ, ಬೀದರಿನಿಂದ ಜನ ಹೊರಟಾಗಿದೆ, ಅವ್ವ ಕುಂತ ಗಾಡಿಗೇ ಮೊದಲ ಪೂಜೆ ಎಂದು ಎಲ್ಲರಿಗೂ ಹೇಳಿಯಾಗಿದೆ ಎಂದು, ಯಾರಿಗೋ ಲೆಕ್ಕ ಒಪ್ಪಿಸುವವನಂತೆ ಕೆಳಗೆ ನೋಡುತ್ತ ಹೇಳಿದ. ಕಣ್ಣ ತುದಿಯಿಂದ ಒಂದು ಹನಿ ಇಳಿದು ಗಡ್ಡದ ಕಲ್ಲುಹಿಟ್ಟಿನಲ್ಲಿ ಗೆರೆ ಮಾಡಿಕೊಂಡು ಹೋಯಿತು, ಅದನ್ನು ಒರೆಸಿಕೊಳ್ಳಲಿಲ್ಲ.

ಟವೆಲಿನ ಕೆಳಗೆ ಅವನ ಹಿಡಿತ ಸಡಿಲಾಯಿತು. ಬಿಡುತ್ತಾನೆ ಎಂದುಕೊಂಡ ವೈಜಿನಾಥ. ಬಿಡಲಿಲ್ಲ. ಬದಲಿಗೆ ಅವನ ಹೆಬ್ಬೆರಳು ತಡಕಾಡಿ ವೈಜಿನಾಥನ ಕಿರುಬೆರಳನ್ನು ಹುಡುಕಿ ಮಡಿಸಿತು. ಪಕ್ಕದ್ದನ್ನು ಮಡಿಸಿತು. ಒಂದು ಗಳಿಗೆ ತಡೆದು, ಅದರ ಪಕ್ಕದ್ದನ್ನೂ ಮಡಿಸಿ ಒತ್ತಿ ಹಿಡಿಯಿತು. ಮೂರು ಲಕ್ಷ ಇಪ್ಪತ್ತು ಸಾವಿರ. ಮುಖ ಎತ್ತಿ ಅವನು ವೈಜಿನಾಥನನ್ನು ನೋಡಲಿಲ್ಲ. ಎತ್ತಿನ ಬಜಾರಿನಲ್ಲೂ ಯಾರೂ ಮುಖ ನೋಡುವುದಿಲ್ಲ. ವೈಜಿನಾಥನಿಗೆ ತನ್ನ ಹೊಟ್ಟೆ, ತನ್ನ ನಾಲಿಗೆ, ಅಂಗಿಯೊಳಗೆ ಎದೆಯ ಮೇಲೆ ತೂಗುತ್ತಿದ್ದ ಲಿಂಗದ ತಣ್ಣನೆಯ ಭಾರ ಎಲ್ಲವೂ ಹೇಸಿಗೆ ಎನಿಸಿತು, ಈ ಕೈಯನ್ನು ಮೊಣಕೈತನಕ ಕಡಿದು ಆ ಗಟಾರದಲ್ಲಿ ಬಿಟ್ಟು ನಡೆದುಬಿಡಬೇಕೆನಿಸಿತು. ಹಾಗೆ ಅನಿಸುತ್ತಿದ್ದಂತೆಯೇ ಟವೆಲಿನ ಕೆಳಗೆ, ಮಡಿಸಿದ ಮೂರು ಬೆರಳುಗಳಲ್ಲಿ ಒಂದನ್ನು ಅವನು ಮತ್ತೆ ಬಿಚ್ಚಿದ.